ಸಂಜೆಯಾದರೆ ಹೊಟ್ಟೆ ಗಟ್ಟಿಯಾಗುತ್ತದೆ: ಹೆರಿಗೆ ನೋವೋ, ಸುಳ್ಳು ನೋವೋ? (37 ವಾರ, ಕಕ್ಕಬೆ ಕಡೆ ಮನೆ)

ಕಾಫಿಹೂ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನನಗೆ 37 ವಾರ ತುಂಬಿದೆ. ಚೊಚ್ಚಲು. ನಮ್ಮ ಮನೆ ಕಕ್ಕಬೆಯಿಂದ ಮೇಲೆ, ತೋಟದ ಒಳಗೆ. ಮುಖ್ಯ ರಸ್ತೆಯಿಂದ ಮನೆವರೆಗೆ ಜೀಪ್ ಬಿಟ್ಟರೆ ಬೇರೆ ಗಾಡಿ ಹತ್ತುವುದಿಲ್ಲ, ಅದೂ ಈ ಮಳೆಯಲ್ಲಿ ಹತ್ತಿದರೆ ಪುಣ್ಯ. ಕಕ್ಕಡ, ಅಂದರೆ ನಮ್ಮ ಕೊಡಗಿನ ಜೋರು ಮಳೆಯ ತಿಂಗಳು, ಶುರುವಾದ ಮೇಲೆ ಕರೆಂಟ್ ಇದ್ದದ್ದಕ್ಕಿಂತ ಇಲ್ಲದ್ದೇ ಜಾಸ್ತಿ. ಫೋನ್ ಸಿಗ್ನಲ್ ಬೇಕೆಂದರೆ ಅಂಗಳದ ತುದಿಗೆ, ಕಾಫಿ ಒಣಗಿಸುವ ಕಣದ ಹತ್ತಿರ ಹೋಗಿ ಕೊಡೆ ಹಿಡಿದು ನಿಲ್ಲಬೇಕು. ಇದನ್ನೂ ಅಲ್ಲೇ ನಿಂತು ಕಳಿಸುತ್ತಿದ್ದೇನೆ.

ವಿಷಯ ಏನೆಂದರೆ, ಹೋದ ವಾರದಿಂದ ಸಂಜೆ ಹೊತ್ತು ಹೊಟ್ಟೆ ಗಟ್ಟಿಯಾಗುತ್ತಿದೆ. ನಿಂತು ಪಾತ್ರೆ ತೊಳೆಯುವಾಗ ಮುಂಭಾಗ ಪೂರ್ತಿ ಬಿಗಿಯುತ್ತದೆ. ಹೊಟ್ಟೆ ಒಂದು ಕಡೆಗೆ ಉಬ್ಬಿ ನಿಲ್ಲುತ್ತದೆ. ಸ್ವಲ್ಪ ಹೊತ್ತು ಇದ್ದು ತಾನೇ ಸಡಿಲವಾಗುತ್ತದೆ. ನೋವು ಅನ್ನುವಷ್ಟಿಲ್ಲ, ಏನೂ ಇಲ್ಲ ಅನ್ನುವ ಹಾಗೂ ಇಲ್ಲ. ಮೊನ್ನೆ ಮಾತ್ರ ಸುಮಾರು ಹತ್ತು ನಿಮಿಷಕ್ಕೊಂದರಂತೆ ಬಂತು. ನನ್ನ ಗಂಡ ಗಾಬರಿಯಾಗಿ ಜೀಪಿನವರಿಗೆ ಹೇಳಲು ಅಂಗಳದ ತುದಿಗೆ ಓಡಿದರು. ಅವರು ಒದ್ದೆಯಾಗಿ ವಾಪಸ್ ಬರುವಷ್ಟರಲ್ಲಿ ಎಲ್ಲ ನಿಂತೇ ಹೋಗಿತ್ತು. ಅವರ ಮುಖ ನೋಡಬೇಕಿತ್ತು!

ಅತ್ತೆ ಹೇಳುವುದು, "ಜೀರಿಗೆ ಕಷಾಯ ಕುಡಿ, ಸುಳ್ಳು ನೋವಾದರೆ ನಿಲ್ಲುತ್ತದೆ, ನಿಜದ್ದಾದರೆ ಜಾಸ್ತಿಯಾಗುತ್ತದೆ" ಅಂತ. ಡಾಕ್ಟರ್ ಹೇಳಿದ್ದು, "ನೋವು ಬಂದರೆ ಬನ್ನಿ" ಅಂತ. ಯಾವ ನೋವು ಅಂತ ಕೇಳುವುದರೊಳಗೆ ಮುಂದಿನವರನ್ನು ಕರೆದಾಯಿತು.

ಈಗ ನನ್ನ ಚಿಂತೆ ಎರಡು. ರಾತ್ರಿ ಜೀಪ್ ಮಾಡಿಕೊಂಡು ಮಡಿಕೇರಿಗೆ ಹೋಗಿ, "ಇದು ಸುಳ್ಳು ನೋವು, ಮನೆಗೆ ಹೋಗಿ" ಅನ್ನಿಸಿಕೊಂಡು ಬರುವುದು ಒಂದು. ಇದೂ ಸುಳ್ಳೇ ಇರಬೇಕು ಅಂತ ಕೂತು, ಕೊನೆಗೆ ದಾರಿಯಲ್ಲೇ ಆಗಿಬಿಡುವುದು ಇನ್ನೊಂದು. ಹೆತ್ತವರು, ಗೊತ್ತಿರುವವರು ದಯವಿಟ್ಟು ಹೇಳಿ. ನಿಮಗೆ ಹೇಗೆ ಗೊತ್ತಾಯಿತು?

ಸೋಮವಾರಪೇಟೆ ಅಮ್ಮ:

ನನಗೆ ಇಬ್ಬರು. ನೀವು ಬರೆದಿರುವುದು ನನ್ನ ಎರಡನೆಯದರಲ್ಲಿ ದಿನಾ ಆಗುತ್ತಿತ್ತು. ಸಂಜೆಯೇ. ಹಗಲೆಲ್ಲ ಓಡಾಡಿ ಕೂತ ತಕ್ಷಣ ಹೊಟ್ಟೆ ಬಿಗಿ. ಆದರೆ ಬಿಗಿ ಹಿಡಿದಿರುವಾಗಲೇ ನಾನು ದೊಡ್ಡವನಿಗೆ ಮಗ್ಗಿ ಹೇಳಿಸುತ್ತಿದ್ದೆ, ನಾದಿನಿ ಜೊತೆ ಫೋನಿನಲ್ಲಿ ಹರಟುತ್ತಿದ್ದೆ. ಮಾತು ನಿಲ್ಲುತ್ತಿರಲಿಲ್ಲ.

ನಿಜವಾದದ್ದು ಬಂದ ದಿನ ಬೇರೆಯೇ ಇತ್ತು. ಬೆಳಿಗ್ಗೆ ಅಕ್ಕಿ ರೊಟ್ಟಿ ತಟ್ಟುವಾಗ ಸೊಂಟದ ಹಿಂದೆ, ಕೆಳಗೆ, ಮುಟ್ಟು ಬರುವ ಮೊದಲು ಬರುವಂಥ ನೋವು. ಅದು ಹಿಂದಿನಿಂದ ಎರಡೂ ಪಕ್ಕ ಬಳಸಿಕೊಂಡು ಮುಂದೆ ಬರುತ್ತಿತ್ತು. ಮೊದಲು ತಡೆದುಕೊಳ್ಳುವ ಹಾಗಿತ್ತು. ಮೂರನೇ ರೊಟ್ಟಿಯ ಹೊತ್ತಿಗೆ ಅತ್ತೆ ಏನೋ ಕೇಳಿದರು, ಉತ್ತರ ಕೊಡಲು ಆಗಲಿಲ್ಲ. ಕಟ್ಟೆ ಹಿಡಿದು ನಿಂತೆ. ಕಳೆದ ಮೇಲೆ ಉತ್ತರ ಕೊಟ್ಟೆ. ಅವರೇ ಒಲೆ ಆರಿಸಿ, "ಬ್ಯಾಗ್ ತಗೋ" ಅಂದರು.

ಮೊದಲನೆಯದು ನಿಧಾನವಾಗಿತ್ತು, ರಾತ್ರಿಯಿಡೀ ಹಿಡಿಯಿತು. ಎರಡನೆಯದು ಅಷ್ಟು ಹೊತ್ತು ಕೊಡಲಿಲ್ಲ. ನಿಮಗೆ ಚೊಚ್ಚಲು ಅಂದರೆ ಸಾಮಾನ್ಯವಾಗಿ ಸಮಯ ಸಿಗುತ್ತದೆ. ಆದರೆ ಕಕ್ಕಬೆಯಿಂದ ಅಂದರೆ... ದಾರಿ ನೆನೆಸಿಕೊಂಡರೇ ನನಗೆ ಸೊಂಟ ನೋಯುತ್ತದೆ!

ಹಳೇ ಸಿಸ್ಟರ್:

ಉತ್ತರ ಕೊಡುವ ಮೊದಲು ನನಗೆ ಸ್ವಲ್ಪ ಗೊತ್ತಾಗಬೇಕು. ಮಗುವಿನ ತಲೆ ಕೆಳಗಿದೆಯಾ? ಮಾಸು ಕೆಳಗಿದೆ ಅಂತ ಸ್ಕ್ಯಾನಿಂಗಿನಲ್ಲಿ ಏನಾದರೂ ಬರೆದಿದ್ದಾರಾ? ಬಿಪಿ, ಸಕ್ಕರೆ? ರಕ್ತದ ಗುಂಪು? ಮಗುವಿನ ಓಡಾಟ ಮಾಮೂಲಿನಂತೆ ಇದೆಯಾ?

ಕಾಫಿಹೂ:

ತಲೆ ಕೆಳಗಿದೆ ಸಿಸ್ಟರ್. ಮಾಸು ಮೇಲಿದೆ ಅಂದಿದ್ದಾರೆ. ಬಿಪಿ ಸರಿ ಇದೆ, ಸಕ್ಕರೆ ಇಲ್ಲ. ಓ ಪಾಸಿಟಿವ್. ರಕ್ತ ಸ್ವಲ್ಪ ಕಡಿಮೆ ಇತ್ತು, ಮಾತ್ರೆ ತಿಂದು ಈಗ 11 ಇದೆ. ಓಡಾಟ ಚೆನ್ನಾಗಿದೆ, ರಾತ್ರಿ ಮಲಗಲು ಬಿಡುವುದಿಲ್ಲ.

ಹಳೇ ಸಿಸ್ಟರ್:

ಒಳ್ಳೆಯದು. ಈಗ ಹೇಳುತ್ತೇನೆ. ಉದ್ದ ಆಗುತ್ತದೆ, ಕೊಡೆ ಗಟ್ಟಿ ಹಿಡಿದುಕೊಳ್ಳಿ.

ನಾನು ಕೊಡಗಿನಲ್ಲೇ ಹೆರಿಗೆ ವಾರ್ಡಿನಲ್ಲಿ ಕೆಲಸ ಮಾಡಿ ನಿವೃತ್ತಳಾದವಳು. ನಿಮಗೆ ಆಗುತ್ತಿರುವುದಕ್ಕೆ ಡಾಕ್ಟರುಗಳು ಬ್ರಾಕ್ಸ್‌ಟನ್ ಹಿಕ್ಸ್ ಅನ್ನುತ್ತಾರೆ. ಜಾನ್ ಬ್ರಾಕ್ಸ್‌ಟನ್ ಹಿಕ್ಸ್ ಅಂತ ಇಂಗ್ಲೆಂಡಿನ ಡಾಕ್ಟರ್ ಒಬ್ಬರು 1872ರಲ್ಲಿ ಇದನ್ನು ಬರೆದಿಟ್ಟರು. ನಮ್ಮ ಅಜ್ಜಿಯರಿಗೆ ಅವರು ಹೇಳಿಕೊಡಬೇಕಾಗಿರಲಿಲ್ಲ, ಆ ಮಾತು ಬೇರೆ. ಗರ್ಭಕೋಶ ಮಾಂಸಖಂಡದ ಚೀಲ ಅಲ್ವಾ, ಅದು ಬಿಗಿದು ಬಿಟ್ಟು ಮಾಡುತ್ತದೆ. ಅದರ ಬಾಯಿ ಮಾತ್ರ ತೆರೆಯುವುದಿಲ್ಲ. ನಿಜವಾದ ನೋವಿನಲ್ಲಿ ಒಂದೊಂದು ಬಿಗಿತಕ್ಕೂ ಬಾಯಿ ತೆಳ್ಳಗಾಗಿ ತೆರೆಯುತ್ತಾ ಹೋಗುತ್ತದೆ. ವ್ಯತ್ಯಾಸ ಇಷ್ಟೇ. ಆದರೆ ಅದು ಒಳಗೆ ನಡೆಯುವುದು, ನಿಮಗೆ ಕಾಣುವುದಿಲ್ಲ. ಹಾಗಾಗಿ ಹೊರಗೆ ಕಾಣುವುದರಿಂದ ಲೆಕ್ಕ ಹಾಕಬೇಕು.

ನೋವು ಎಷ್ಟು ಜೋರಾಗಿದೆ ಅನ್ನುವುದರ ಮೇಲೆ ತೀರ್ಮಾನ ಮಾಡಲೇಬೇಡಿ. ಸುಳ್ಳು ನೋವಿಗೇ ಅಳುವವರನ್ನು ನೋಡಿದ್ದೇನೆ. ಬಾಯಿ ಅರ್ಧ ತೆರೆದಿದ್ದರೂ, "ಸ್ವಲ್ಪ ಸೊಂಟ ಹಿಡಿದಿದೆ ಸಿಸ್ಟರ್" ಅಂತ ನಗುತ್ತಾ ನಡೆದು ಬಂದವರನ್ನೂ ನೋಡಿದ್ದೇನೆ. ತೋಟದ ಕೆಲಸದವರಲ್ಲಿ ಇಂಥವರು ಜಾಸ್ತಿ. ನೋಡಬೇಕಾದದ್ದು ನೋವಿನ ನಡಿಗೆಯನ್ನು. ಹತ್ತಿರ ಹತ್ತಿರ ಬರುತ್ತಿದೆಯಾ, ಉದ್ದವಾಗುತ್ತಿದೆಯಾ, ಜೋರಾಗುತ್ತಿದೆಯಾ? ಮೂರೂ ಒಟ್ಟಿಗೆ.

ಮೊದಲು ಹೀಗೆ ಮಾಡಿ. ಬಿಗಿತ ಶುರುವಾದರೆ ಮೂತ್ರಕ್ಕೆ ಹೋಗಿ ಬನ್ನಿ. ತುಂಬಿದ ಮೂತ್ರಕೋಶ ಗರ್ಭಕೋಶವನ್ನು ಕೆಣಕುತ್ತದೆ. ಆಮೇಲೆ ಎರಡು ಲೋಟ ನೀರು ಕುಡಿಯಿರಿ. ನಮ್ಮ ಮಳೆಗಾಲದ ಚಳಿಯಲ್ಲಿ ಯಾರೂ ನೀರು ಕುಡಿಯುವುದಿಲ್ಲ, ಬರೀ ಕಾಫಿ. ನೀರು ಕಡಿಮೆಯಾದರೂ ಹೊಟ್ಟೆ ಬಿಗಿಯುತ್ತದೆ. ನಿಮಗೆ ಸಂಜೆಯೇ ಬರುವುದಕ್ಕೆ ದಿನವಿಡೀ ನಿಂತದ್ದು, ನೀರು ಕುಡಿಯದ್ದು ಕಾರಣ ಇರಬಹುದು. ಆಮೇಲೆ ಎಡಗಡೆಗೆ ಮಲಗಿ. ನಡೆಯುವಾಗ ಬಂದಿದ್ದರೆ ಮಲಗಿ, ಮಲಗಿದ್ದಾಗ ಬಂದಿದ್ದರೆ ಎದ್ದು ನಾಲ್ಕು ಹೆಜ್ಜೆ ಹಾಕಿ. ಒಂದು ಗಂಟೆ ಹೊತ್ತು ಕೊಡಿ. ಸುಳ್ಳಾದರೆ ಸಾಮಾನ್ಯವಾಗಿ ದೂರ ದೂರವಾಗಿ ನಿಂತು ಹೋಗುತ್ತದೆ. ನಿಜದ್ದು ನೀವು ಏನೇ ಮಾಡಿದರೂ ಜಗ್ಗುವುದಿಲ್ಲ.

ನಿಮ್ಮ ಅತ್ತೆಯ ಜೀರಿಗೆ ಕಷಾಯದಲ್ಲಿ ತಪ್ಪೇನಿಲ್ಲ. ಒಂದು ಲೋಟ ಕುಡಿಯಿರಿ. ಅದರಲ್ಲಿ ಕೆಲಸ ಮಾಡುವುದು ಜಾಸ್ತಿ ಬಿಸಿ ನೀರು ಅಂತ ನನ್ನ ಅಭಿಪ್ರಾಯ, ಗ್ಯಾಸಿನ ನೋವಾಗಿದ್ದರೆ ಜೀರಿಗೆಯೂ ಸ್ವಲ್ಪ. ಆದರೆ ಹರಳೆಣ್ಣೆ ಕುಡಿಸುವ ಮಾತು ಬಂದರೆ ಬೇಡ ಅನ್ನಿ. ವಾಂತಿ ಭೇದಿ ಆಗಿ, ಇದ್ದ ನೀರೂ ಹೋಗಿ, ಸುಸ್ತಾಗಿ ಬಂದವರನ್ನು ಹೆರಿಗೆ ಮಾಡಿಸುವ ಕಷ್ಟ ನಮಗೆ ಗೊತ್ತು. ಇನ್ನೊಂದು, ಕಷಾಯ ಕುಡಿದ ಮೇಲೂ ನಿಲ್ಲಲಿಲ್ಲ ಅಂತ ಎರಡನೇ ಸಲ, ಮೂರನೇ ಸಲ ಕಾಯಿಸುತ್ತಾ ಕೂರಬಾರದು. ಅಷ್ಟರಲ್ಲಿ ಹೊರಟಿರಬೇಕು.

ಈಗ ಸಮಯ ಬರೆಯುವುದು. ಎಲ್ಲರೂ ಇಲ್ಲೇ ಎಡವುತ್ತಾರೆ. ಒಂದು ಬಿಗಿತ ಮುಗಿದಾಗಿನಿಂದ ಇನ್ನೊಂದು ಶುರುವಾಗುವವರೆಗೆ ಅಲ್ಲ. ಒಂದು ಶುರುವಾದಾಗಿನಿಂದ ಮುಂದಿನದು ಶುರುವಾಗುವವರೆಗೆ. ಕರೆಂಟ್ ಇಲ್ಲದ ಮನೆಯಲ್ಲಿ ಫೋನಿನ ಆಪ್ ನಂಬಬೇಡಿ. ಒಂದು ಹಾಳೆ, ಪೆನ್ಸಿಲ್, ಗೋಡೆ ಗಡಿಯಾರ ಸಾಕು. ಉದಾಹರಣೆಗೆ 7.10, 7.18, 7.40, 7.47, 8.20 ಅಂತ ಬಂದರೆ ಅದಕ್ಕೆ ತಾಳ ಇಲ್ಲ, ಮಲಗಿ ನಿದ್ದೆ ಮಾಡಿ. 7.10, 7.20, 7.29, 7.37, 7.44 ಅಂತ ಬಂದರೆ ಪಕ್ಕದಲ್ಲಿ ಎಷ್ಟು ಸೆಕೆಂಡ್ ಇತ್ತು ಅಂತಲೂ ಬರೆಯಿರಿ. 30, 40, 50 ಅಂತ ಏರುತ್ತಿದ್ದರೆ ಅದು ಹೆರಿಗೆ ನೋವಿನ ದಾರಿ. ಆ ಹಾಳೆಯನ್ನು ಆಸ್ಪತ್ರೆಗೂ ತನ್ನಿ. ಡ್ಯೂಟಿಯಲ್ಲಿರುವ ಸಿಸ್ಟರಿಗೆ ಅದಕ್ಕಿಂತ ಒಳ್ಳೆಯ ಉಡುಗೊರೆ ಇಲ್ಲ.

ಬರೆಯುವ ಕೆಲಸ ಗಂಡನಿಗೆ ಕೊಡಿ. ಅವರ ಅಂಗೈಯನ್ನು ನಿಮ್ಮ ಹೊಟ್ಟೆಯ ಮೇಲ್ಭಾಗದಲ್ಲಿ, ಹೊಕ್ಕುಳಿಗಿಂತ ಮೇಲೆ, ಹಗುರವಾಗಿ ಇಡಿಸಿ. ಬೆರಳ ತುದಿಯಿಂದ ಮೆಲ್ಲಗೆ ಒತ್ತಿ ನೋಡಲಿ. ನಮಗೆ ಟ್ರೈನಿಂಗಿನಲ್ಲಿ ಹೇಳಿಕೊಟ್ಟದ್ದು ಹೀಗೆ: ಮೂಗಿನ ತುದಿಯಷ್ಟು ಮೆತ್ತಗಿದ್ದರೆ ಸಣ್ಣ ಬಿಗಿತ, ಗದ್ದದಷ್ಟು ಗಟ್ಟಿಯಿದ್ದರೆ ಮಧ್ಯಮ, ಹಣೆಯಂತೆ ಒತ್ತಿದರೂ ತಗ್ಗದಿದ್ದರೆ ಜೋರು. ಗಂಡಸರಿಗೆ ಇದನ್ನು ಹೇಳಿಕೊಟ್ಟರೆ ಅರ್ಧ ಗಾಬರಿ ಕಡಿಮೆಯಾಗುತ್ತದೆ. ಕೈಗೊಂದು ಕೆಲಸ ಸಿಕ್ಕಿತಲ್ಲ.

ಮೇಲೆ ಸೋಮವಾರಪೇಟೆಯವರು ಮಾತು ನಿಂತದ್ದು ಬರೆದರಲ್ಲ, ಅದು ಒಳ್ಳೆಯ ಗುರುತು. ಸೊಂಟದಿಂದ ಮುಂದಕ್ಕೆ ಬರುವುದೂ ಅಷ್ಟೇ. ಎಲ್ಲರಿಗೂ ಹಾಗೇ ಬರುತ್ತದೆ ಅಂತ ಅಲ್ಲ, ಕೆಲವರಿಗೆ ಮುಂದೆಯೇ ಬರುತ್ತದೆ. ಲೋಳೆಯಲ್ಲಿ ಸ್ವಲ್ಪ ಗುಲಾಬಿ ಅಥವಾ ಕಂದು ಬಣ್ಣದ ರಕ್ತ ಸೇರಿ ಹೋದರೆ ಬಾಯಿ ಮೆತ್ತಗಾಗುತ್ತಿದೆ ಅಂತ ಅರ್ಥ. ಹೆರಿಗೆ ಅದೇ ದಿನ ಆಗಬಹುದು, ಕೆಲವು ದಿನ ಬಿಟ್ಟೂ ಆಗಬಹುದು. ಅದೊಂದಕ್ಕೇ ಹೆದರಬೇಕಿಲ್ಲ.

ಎಷ್ಟೊತ್ತಿಗೆ ಹೊರಡಬೇಕು? ಪುಸ್ತಕದಲ್ಲಿ, ಐದು ನಿಮಿಷಕ್ಕೊಂದು, ಒಂದೊಂದೂ ಒಂದು ನಿಮಿಷ, ಹೀಗೆ ಒಂದು ಗಂಟೆ ನಡೆದರೆ ಹೊರಡಿ ಅಂತಿದೆ. ಅದು ಆಸ್ಪತ್ರೆ ಪಕ್ಕದ ಬೀದಿಯಲ್ಲಿ ಇರುವವರಿಗೆ. ಕಕ್ಕಬೆಯ ಮೇಲಿರುವವರಿಗೆ, ಅದೂ ಕಕ್ಕಡದಲ್ಲಿ, ನಾನು ಅದನ್ನು ಹೇಳುವುದಿಲ್ಲ. ನಿಮಗೆ ಹತ್ತು ನಿಮಿಷಕ್ಕೊಂದು ತಾಳ ಹಿಡಿದು, ನೀರು ಕುಡಿದು ಮಲಗಿದರೂ ಒಂದು ಗಂಟೆ ನಿಲ್ಲದೆ ಬಂದರೆ ಹೊರಡಿ. ಮುಂದಿನ ಸಲ ಎರಡನೇ ಹೆರಿಗೆ ಆದರೆ ಆ ಒಂದು ಗಂಟೆಯೂ ಬೇಡ. ಮೊದಲು ಸಿಸೇರಿಯನ್ ಆದವರು ನೋವು ಶುರು ಅನ್ನಿಸಿದ ಕೂಡಲೇ ಹೊರಡಬೇಕು.

ವಾಪಸ್ ಕಳಿಸುತ್ತಾರೆ ಅನ್ನುವ ನಾಚಿಕೆ ಬಿಡಿ. ಒಳಗೆ ಪರೀಕ್ಷೆ ಮಾಡಿದಾಗ ಬಾಯಿ ಎರಡು ಸೆಂಟಿಮೀಟರ್ ಇದ್ದರೆ ಅದು ಇನ್ನೂ ಶುರುವಿನ ಹಂತ, ಚೊಚ್ಚಲಿನಲ್ಲಿ ಅದು ಬಹಳ ಹೊತ್ತು ಎಳೆಯಬಹುದು. ನಾವು ಕಲಿಯುವಾಗ ನಾಲ್ಕು ಸೆಂಟಿಮೀಟರಿಗೆ ಹೆರಿಗೆ ಜೋರು ಹಿಡಿಯಿತು ಅನ್ನುತ್ತಿದ್ದೆವು. ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಅದನ್ನು ಐದು ಮಾಡಿತು. ಅಲ್ಲಿಂದ ಮುಂದೆ ಚೊಚ್ಚಲಿಗೆ ಸಾಮಾನ್ಯವಾಗಿ 12 ಗಂಟೆ ಮೀರುವುದಿಲ್ಲ. ಹಾಗಾಗಿ "ಇನ್ನೂ ಹೊತ್ತಿದೆ" ಅಂದರೆ ಬೈದಿದ್ದಾರೆ ಅಂತಲ್ಲ. ಆದರೆ, "ನಮ್ಮ ಮನೆ ಇಷ್ಟು ದೂರ, ರಸ್ತೆ ಹೀಗಿದೆ, ಇಲ್ಲೇ ಇರುತ್ತೇವೆ" ಅಂತ ನೀವೂ ಬಾಯಿ ಬಿಟ್ಟು ಹೇಳಬೇಕು. ಹೇಳದಿದ್ದರೆ ಅವರಿಗೆ ಗೊತ್ತಾಗುವುದಿಲ್ಲ.

ಇನ್ನು, ಹಾಳೆ ಪೆನ್ಸಿಲ್ ಎಲ್ಲ ಬಿಟ್ಟು ತಕ್ಷಣ ಹೊರಡಬೇಕಾದವು. ನೀರು ಹೋದರೆ, ನೋವು ಇಲ್ಲದಿದ್ದರೂ. ಆ ನೀರು ಹಸಿರು ಅಥವಾ ಕಂದು ಬಣ್ಣದ್ದಾಗಿದ್ದರೆ ಇನ್ನೂ ಬೇಗ. ಮುಟ್ಟಿನ ಹಾಗೆ ಕೆಂಪು ರಕ್ತ ಹೋದರೆ. ಹೊಟ್ಟೆ ಬಿಗಿದದ್ದು ಸಡಿಲವೇ ಆಗದೆ ಒಂದೇ ಸಮ ನೋಯುತ್ತಿದ್ದರೆ. ಮಗುವಿನ ಓಡಾಟ ಕಡಿಮೆ ಅನ್ನಿಸಿದರೆ. ತಲೆ ಸಿಡಿಯುವುದು, ಕಣ್ಣು ಮಂಜಾಗುವುದು, ಮುಖ ಕೈ ಊದಿಕೊಳ್ಳುವುದು ಇದ್ದರೆ. ಜ್ವರ ಬಂದರೆ. ಇವುಗಳಿಗೆ ಕಷಾಯದ ಪರೀಕ್ಷೆ ಇಲ್ಲ.

ಕಕ್ಕಡ ಅಂದ ಮೇಲೆ ಒಂದು ಮಾತು ನೆನಪಾಯಿತು. ಆ ತಿಂಗಳ ಹದಿನೆಂಟನೇ ದಿನಕ್ಕೆ ಮದ್ದು ಸೊಪ್ಪಿನ ಪಾಯಸ ಮಾಡುತ್ತೀರಿ ಅಲ್ವಾ? ನೀವು ತಿನ್ನಬಹುದಾ ಅಂತ ಡಾಕ್ಟರನ್ನು ಕೇಳಿಕೊಳ್ಳಿ. ತಿಂದವರಿಗೆ ಮರುದಿನ ಮೂತ್ರ ಕೆಂಪಗೆ ಹೋಗುತ್ತದೆ. ಅದನ್ನು ನೋಡಿ ರಕ್ತ ಅಂತ ಕಿರುಚಿಕೊಂಡು ಬಂದವರಿದ್ದಾರೆ. ಬಿಳಿ ಬಟ್ಟೆಯನ್ನೋ ಪ್ಯಾಡನ್ನೋ ಇಟ್ಟುಕೊಂಡು ನೋಡಿ. ಬಣ್ಣ ಮೂತ್ರದಲ್ಲಿ ಮಾತ್ರ ಇದ್ದರೆ ಸೊಪ್ಪು. ಪ್ಯಾಡಿನ ಮೇಲೆ ಬಿದ್ದರೆ ಸೊಪ್ಪಿನ ಮೇಲೆ ಹಾಕಿ ಸುಮ್ಮನಿರಬೇಡಿ. ಯಾವುದು ಅಂತ ಅನುಮಾನವಾದರೆ ರಕ್ತ ಅಂತಲೇ ಹೊರಡಿ.

ತಿತಿಮತಿ ಹುಡುಗಿ:

ಸಿಸ್ಟರ್, ನಡುವೆ ಬಂದದ್ದಕ್ಕೆ ಕ್ಷಮಿಸಿ. ನನಗೆ 31 ವಾರ. ನನಗೂ ಇದೇ ಥರ ಹೊಟ್ಟೆ ಗಟ್ಟಿಯಾಗುತ್ತದೆ. ಇವತ್ತು ಮಧ್ಯಾಹ್ನದಿಂದ ಸೊಂಟ ಕೂಡ ಸಣ್ಣಗೆ ನೋಯುತ್ತಿದೆ. ನಾನೂ ಒಂದು ಗಂಟೆ ನೋಡಲಾ?

ಹಳೇ ಸಿಸ್ಟರ್:

ಬೇಡ. ನೀವು ನೋಡುತ್ತಾ ಕೂರಬೇಡಿ. ಮೇಲೆ ಬರೆದದ್ದೆಲ್ಲ 37 ತುಂಬಿದವರಿಗೆ. ನಿಮ್ಮ ಲೆಕ್ಕವೇ ಬೇರೆ.

31 ವಾರದಲ್ಲಿ ಯಾವಾಗಲೋ ಒಮ್ಮೆ ಬಿಗಿದು ಬಿಡುವುದು ಸಹಜ. ಆದರೆ ಸೊಂಟ ನೋವು ಸೇರಿಕೊಂಡರೆ, ಕೆಳಗೆ ಭಾರ ಬಿದ್ದ ಹಾಗಾದರೆ, ನೀರಿನಂತೆ ಬಿಳಿ ಹೋದರೆ, ಗಂಟೆಯಲ್ಲಿ ನಾಲ್ಕೈದು ಸಲ ಬಿಗಿದರೆ, ಇವತ್ತೇ ತೋರಿಸಬೇಕು. ನಾಳೆ ಬೆಳಿಗ್ಗೆ ಅಲ್ಲ. ಮೂತ್ರದ ಸೋಂಕಿನಿಂದಲೂ ಹೀಗಾಗುತ್ತದೆ, ಅದಾದರೆ ಔಷಧಿಗೆ ಹೋಗುತ್ತದೆ. ನಿಜವಾಗಿಯೂ ದಿನ ತುಂಬುವ ಮೊದಲೇ ನೋವು ಶುರುವಾಗಿದ್ದರೆ ಮಗುವಿನ ಶ್ವಾಸಕೋಶ ಬಲಿಯಲು ತಾಯಿಗೆ ಇಂಜೆಕ್ಷನ್ ಕೊಡುತ್ತಾರೆ. ಅದು ಚೆನ್ನಾಗಿ ಕೆಲಸ ಮಾಡಲು ಒಂದು ದಿನವಾದರೂ ಬೇಕು. ನೀವು ಮನೆಯಲ್ಲಿ ಕಾಯುವ ಒಂದೊಂದು ಗಂಟೆಯೂ ಆ ದಿನದಿಂದ ಕಳೆದುಹೋಗುತ್ತದೆ.

ತಿತಿಮತಿಯಿಂದ ಗೋಣಿಕೊಪ್ಪ ಹತ್ತಿರ. ಈಗಲೇ ಹೊರಡಿ, ಕತ್ತಲಾದ ಮೇಲೆ ಆ ರಸ್ತೆಯಲ್ಲಿ ಆನೆ ಕಾಟ ಬೇರೆ. ಗಾಡಿ ಇಲ್ಲದಿದ್ದರೆ 108ಕ್ಕೆ ಮಾಡಿ.

ಜೀಪಣ್ಣ:

ನಾನು ನಾಪೋಕ್ಲು ಕಡೆಯವನು, ಜೀಪ್ ಓಡಿಸುತ್ತೇನೆ. ನೋವಿನ ವಿಷಯ ಸಿಸ್ಟರಿಗೆ ಬಿಟ್ಟೆ. ರಸ್ತೆಯ ವಿಷಯ ನಾನು ಹೇಳುತ್ತೇನೆ, ಯಾಕೆಂದರೆ ಇಂಥ ರಾತ್ರಿ ಫೋನ್ ಬರುವುದು ನಮಗೆ.

ಮಳೆ ಜೋರಾದರೆ ಬೊಳಿಬಾಣೆಯಲ್ಲಿ ಕಾವೇರಿ ರಸ್ತೆಗೆ ಬರುತ್ತಾಳೆ. ಆಗ ನಾಪೋಕ್ಲು–ಮೂರ್ನಾಡು ದಾರಿ ಬಂದ್. ಚೆರಿಯಪರಂಬು ಕಡೆಯೂ ಅದೇ ಕಥೆ. ಬೆಟ್ಟಗೇರಿ ಮೇಲೆ ಮಡಿಕೇರಿಗೆ ಹೋಗಬಹುದು, ಮರ ಬೀಳದಿದ್ದರೆ. ಹಾಗಾಗಿ ನಿಮ್ಮ ಕಡೆಯವರು ಮಡಿಕೇರಿ ಒಂದನ್ನೇ ತಲೆಯಲ್ಲಿಟ್ಟುಕೊಳ್ಳಬೇಡಿ. ಕಡಂಗ ಮೇಲೆ ವಿರಾಜಪೇಟೆಗೂ ದಾರಿ ಇದೆ, ಅಲ್ಲೂ ತಾಲ್ಲೂಕು ಆಸ್ಪತ್ರೆ ಇದೆ. ಯಾವ ದಾರಿ ತೆರೆದಿದೆ ಅಂತ ಪ್ರತಿದಿನ ಸಂಜೆ ಯಾರಾದರೂ ಡ್ರೈವರಿಗೆ ಕೇಳಿ ಇಟ್ಟುಕೊಳ್ಳಿ. ನಮಗೆ ಯಾವಾಗಲೂ ಗೊತ್ತಿರುತ್ತದೆ.

108 ನಿಮ್ಮ ಮನೆವರೆಗೆ ಹತ್ತುವುದಿಲ್ಲ. ಫೋನ್ ಮಾಡುವಾಗಲೇ, "ನಾವು ಜೀಪಿನಲ್ಲಿ ಮುಖ್ಯ ರಸ್ತೆಗೆ ಬರುತ್ತೇವೆ, ನೀವು ಇಂಥ ಕಡೆ ನಿಲ್ಲಿ" ಅಂತ ಜಾಗದ ಹೆಸರು ಹೇಳಿ. ತೋಟದ ಹೆಸರು ಹೇಳಿದರೆ ಹುಡುಕುವುದರಲ್ಲೇ ಹೊತ್ತು ಹೋಗುತ್ತದೆ. ಜೀಪಿನಲ್ಲಿ ಒಂದು ಕತ್ತಿ, ಹಗ್ಗ, ಒಳ್ಳೆ ಟಾರ್ಚ್ ಇರಲಿ. ಬಿದ್ದ ಕೊಂಬೆ ನಾವೇ ಕಡಿದು ಸರಿಸಬೇಕು, ಬೇರೆ ಯಾರೂ ಬರುವುದಿಲ್ಲ. ಬಸುರಿಯನ್ನು ಮುಂದಿನ ಸೀಟಿನಲ್ಲಿ ಕೂರಿಸಿ, ಹಿಂದೆ ಕುಲುಕು ಜಾಸ್ತಿ.

ಮತ್ತೆ, ರಾತ್ರಿ ಎಬ್ಬಿಸಲು ಸಂಕೋಚ ಬೇಡ. ಸುಳ್ಳು ನೋವು ಅಂತ ವಾಪಸ್ ಬಂದರೂ ನಮಗೇನೂ ಬೇಜಾರಿಲ್ಲ. ಜೀಪಿನಲ್ಲೇ ಮಗು ಹುಟ್ಟುವುದಕ್ಕಿಂತ ಅದು ಎಷ್ಟೋ ಮೇಲು.

ಸೋಮವಾರಪೇಟೆ ಅಮ್ಮ:

ಜೀಪಣ್ಣ ಹೇಳಿದ್ದು ನೂರಕ್ಕೆ ನೂರು. ನನ್ನ ಕೇಳಿದರೆ ಈ ಮಳೆಯಲ್ಲಿ ಮೇಲೆ ಕೂರುವುದೇ ಬೇಡ. ಮಡಿಕೇರಿಯಲ್ಲೋ ವಿರಾಜಪೇಟೆಯಲ್ಲೋ ನೆಂಟರು ಯಾರೂ ಇಲ್ವಾ?

ಹಳೇ ಸಿಸ್ಟರ್:

ನಾನೂ ಅದನ್ನೇ ಬರೆಯಬೇಕು ಅಂತಿದ್ದೆ. 2018ರ ಆಗಸ್ಟಿನಲ್ಲಿ ಕೊಡಗಿನ ಗುಡ್ಡ ಕುಸಿದದ್ದು, ನೆರೆ ಬಂದದ್ದು ನೋಡಿದ ಮೇಲೆ ಮಳೆಗಾಲದಲ್ಲಿ ದಿನ ತುಂಬಿದವರಿಗೆಲ್ಲ ನಾನು ಹೇಳುವುದು ಒಂದೇ, 38ರ ಹೊತ್ತಿಗೆ ಪೇಟೆಗೆ ಇಳಿದುಬಿಡಿ. ಆಗ ಈ ಹತ್ತು ನಿಮಿಷ, ಒಂದು ಗಂಟೆ ಲೆಕ್ಕವೆಲ್ಲ ಅರ್ಧ ಹಗುರವಾಗುತ್ತದೆ. ಸಂಶಯ ಬಂದರೆ ಆಟೋದಲ್ಲಿ ಹೋಗಿ ತೋರಿಸಿ ಬರಬಹುದು. ಬೇಕಾದರೆ ಮೂರು ಸಲ.

ಕಾಫಿಹೂ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ನಿನ್ನೆ ಸಂಜೆ ಮತ್ತೆ ಶುರುವಾಯಿತು. ಸಿಸ್ಟರ್ ಹೇಳಿದ ಹಾಗೆ ಮೂತ್ರಕ್ಕೆ ಹೋಗಿ ಬಂದು, ನೀರು ಕುಡಿದು, ಎಡಗಡೆ ಮಲಗಿದೆ. ನನ್ನ ಗಂಡ ಹಳೇ ಕಾಫಿ ಲೆಕ್ಕದ ಪುಸ್ತಕದ ಹಿಂದೆ ಬರೆದರು. 6.35, 6.50, 6.58, 7.25. ಆಮೇಲೆ ಇಲ್ಲ. ಹೊಟ್ಟೆ ಮೇಲೆ ಕೈ ಇಟ್ಟು, "ಮೂಗು... ಮೂಗು... ಗದ್ದ ಇರಬಹುದು" ಅಂತ ಹೇಳುತ್ತಿದ್ದರೆ ನನಗೆ ನಗು ತಡೆಯಲು ಆಗಲಿಲ್ಲ. ನಕ್ಕಿದ್ದಕ್ಕೆ ಇನ್ನೊಂದು ಸಲ ಬಿಗಿಯಿತು.

ವಿರಾಜಪೇಟೆಯಲ್ಲಿ ನನ್ನ ಚಿಕ್ಕಮ್ಮ ಇದ್ದಾರೆ. ಅತ್ತೆಗೆ ಹೇಳಲು ಹೆದರಿಕೆಯಿತ್ತು, ಆದರೆ ಅವರೇ, "ಬೊಳಿಬಾಣೆಗೆ ನೀರು ಬರುವ ಮೊದಲು ಹೋಗು" ಅಂದರು. ಭಾನುವಾರ ಹೋಗುತ್ತೇವೆ. ಜೀರಿಗೆ ಡಬ್ಬವನ್ನೂ ಕಟ್ಟಿದ್ದಾರೆ.

ಇದುವರೆಗೆ ಮಡಿಕೇರಿಯಲ್ಲಿ ತೋರಿಸಿದ್ದು. ವಿರಾಜಪೇಟೆಯಲ್ಲಿ ಹೊಸದಾಗಿ ಹೋದರೆ ತಗೊಳ್ಳುತ್ತಾರಾ ಸಿಸ್ಟರ್?

ಹಳೇ ಸಿಸ್ಟರ್:

ತಗೊಳ್ಳುತ್ತಾರೆ. ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆಗೆ ದುಡ್ಡಿಲ್ಲ, ಸಿಸೇರಿಯನ್ ಆದರೂ ಇಲ್ಲ. ಆದರೆ ನೋವು ಬರುವವರೆಗೆ ಕಾಯಬೇಡಿ. ಸೋಮವಾರವೇ ಒಮ್ಮೆ ಹೋಗಿ ಹೆಸರು ಬರೆಸಿ, ಪರೀಕ್ಷೆ ಮಾಡಿಸಿಕೊಂಡು ಬನ್ನಿ. ತಾಯಿ ಕಾರ್ಡ್, ಎಲ್ಲ ಸ್ಕ್ಯಾನಿಂಗ್ ರಿಪೋರ್ಟ್, ರಕ್ತದ ಗುಂಪಿನ ಚೀಟಿ, ಆಧಾರ್, ಬ್ಯಾಂಕ್ ಪುಸ್ತಕ ಒಂದೇ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ. ನಿಮ್ಮ ಆಶಾ ಕಾರ್ಯಕರ್ತೆಗೂ ಹೇಳಿ ಹೋಗಿ, ಇಲ್ಲದಿದ್ದರೆ ಅವರು ನಿಮ್ಮನ್ನು ಹುಡುಕಿಕೊಂಡು ಆ ಮಳೆಯಲ್ಲಿ ಮೇಲೆ ಹತ್ತುತ್ತಾರೆ.

ತಿತಿಮತಿಯವರು ಏನಾದರು? ತೋರಿಸಿದಿರಾ?

ತಿತಿಮತಿ ಹುಡುಗಿ:

ತೋರಿಸಿದೆ ಸಿಸ್ಟರ್. ಬಾಯಿ ತೆರೆದಿಲ್ಲ ಅಂದರು. ಮೂತ್ರದಲ್ಲಿ ಸೋಂಕು ಇದೆಯಂತೆ, ಮಾತ್ರೆ ಕೊಟ್ಟು ಒಂದು ರಾತ್ರಿ ಇರಿಸಿಕೊಂಡಿದ್ದಾರೆ. ಈಗ ಬಿಗಿತ ಕಡಿಮೆ. ವಾರ್ಡಿನಿಂದಲೇ ಬರೆಯುತ್ತಿದ್ದೇನೆ. ಇಲ್ಲಿ ಸಿಗ್ನಲ್ ಚೆನ್ನಾಗಿದೆ.